ಪರದೆಯ ಕೆಳಗೆ ಕೂತು ಹೆದರಿಸಿದ್ದು

ಹೆದರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ತಾಯಿಯ ಹಾಲಿನೊಡನೆಯೇ ಬರುತ್ತದೆ. ಹೆದರಿಸುವುದು ಮಾತ್ರ ವಿದ್ಯೆ. ಅದಕ್ಕೆ ಮೈಕಟ್ಟಾದರೂ ಬೇಕು, ಮೀಸೆಯಾದರೂ ಬೇಕು, ಇಲ್ಲವೆ ಕೈಯಲ್ಲಿ ಅಧಿಕಾರವಾದರೂ ಬೇಕು. ಈ ಮೂರರಲ್ಲಿ ಒಂದೂ ನನಗೆ ಇರಲಿಲ್ಲ. ನಮ್ಮ ಓಣಿಯ ನಾಯಿಗಳು ಕೂಡ ನನ್ನನ್ನು ಕಂಡು ಬೊಗಳುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಇಂಥ ನಾನು ಒಮ್ಮೆ ಮೂರು ವಾರ ಹುಬ್ಬಳ್ಳಿಯ ಜನರನ್ನು ಹೆದರಿಸುವ ಕೆಲಸದಲ್ಲಿದ್ದೆ ಎಂದರೆ ಈಗಿನ ಹುಡುಗರು ನಗುತ್ತಾರೆ. ಇದು ಪಿಕ್ಚರಿಗೆ ಬಾಯಿ ಬರುವುದಕ್ಕೆ ಮೊದಲಿನ ಮಾತು. ಬಿಳಿ ಅರಿವೆಯ ಮೇಲೆ ಜನ ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು, ಕುದುರೆ ಓಡುತ್ತಿತ್ತು, ಬಂದೂಕು ಹೊಗೆ ಬಿಡುತ್ತಿತ್ತು, ಒಂದಕ್ಕೂ ಸಪ್ಪಳವಿರಲಿಲ್ಲ. ಸಪ್ಪಳವೆಲ್ಲ ಪರದೆಯ ಬುಡದಲ್ಲಿ ಕುಳಿತ ನಮ್ಮಿಬ್ಬರದು. ತಬಲಾ ಹುಸೇನಸಾಬನದು, ಪೇಟಿ ನನ್ನದು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ.

ಥೇಟರು ನಮ್ಮ ಬಸಲಿಂಗಪ್ಪ ಸಾವಕಾರರದು. ಅವರದು ಹತ್ತಿಯ ಅಡತಿ ಅಂಗಡಿ. ಅಲ್ಲಿ ನಾನು ಹಗಲು ಹೊತ್ತು ಮುಂಬಯಿಗೂ ಗದಗಕ್ಕೂ ಪತ್ರ ಬರೆಯುವ ಗುಮಾಸ್ತ. ಒಂದು ವರ್ಷ ಅವರ ವಖಾರವೊಂದು ಹತ್ತಿ ಇಲ್ಲದೆ ಖಾಲಿ ಬಿತ್ತು. ಖಾಲಿ ಜಾಗ ಕಂಡರೆ ಸಾವಕಾರರಿಗೆ ಹೊಟ್ಟೆ ಉರಿಯುತ್ತದೆ. ತಗಡಿನ ಮಾಡು ಇತ್ತು, ನಾಲ್ಕು ಗೋಡೆ ಇದ್ದವು. ಒಂದು ಯಂತ್ರ ತಂದು, ಜನ ಕೂಡ್ರಲು ಬಾಕು ಹಾಕಿ, ಸಿನೇಮಾ ಸುರು ಮಾಡಿಯೇಬಿಟ್ಟರು. ನನಗೆ ಪೇಟಿ ಬರುತ್ತದೆಂಬುದು ಅವರಿಗೆ ಗೊತ್ತಿತ್ತು. ಹೀಗಾಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಮಾಸ್ತ ಹೋಗಿ ಮಾಸ್ತರನಾಗುತ್ತಿದ್ದೆ. ಹುಸೇನಸಾಬ ಹಗಲೆಲ್ಲ ಪೇಟೆಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ತಬಲಾ ಅವನ ಅಪ್ಪನಿಂದ ಬಂದದ್ದು. ಮಾತು ಕಡಿಮೆ, ಆಡಿದರೆ ಒಂದೇ ಸಲ, ಎರಡನೆಯ ಸಲ ಹೇಳುವವನಲ್ಲ.

ನಮ್ಮ ಆಸನದ ವಿಷಯ ಹೇಳಬೇಕು, ಏಕೆಂದರೆ ಈ ಕಥೆಯ ಮೂಲ ಪಾಪ ಅಲ್ಲಿಯೇ ಇದೆ. ಪರದೆಯ ಕೆಳಗೆ ಮಂಡಿಯುದ್ದ ಒಂದು ತಗ್ಗು. ಅದರಲ್ಲಿ ಹರಿದ ಗೋಣಿತಟ್ಟು. ತಟ್ಟಿನ ಮೇಲೆ ನಾವು, ನಮ್ಮ ಮೇಲೆ ಸೊಳ್ಳೆ. ಕುತ್ತಿಗೆಯನ್ನು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತ ಬಾರಿಸಬೇಕು. ಎರಡು ವರ್ಷದಲ್ಲಿ ನಾನು ಎಷ್ಟೋ ಸುಂದರಿಯರ ಪಿಕ್ಚರು ನೋಡಿದೆ. ಅವರ ಗದ್ದ ಮತ್ತು ಮೂಗಿನ ಹೊಳ್ಳೆ ಬಿಟ್ಟರೆ ನನಗೆ ಇನ್ನೊಂದು ಗೊತ್ತಿಲ್ಲ. ಆದರೆ ಮನೆಯಲ್ಲಿ ನನ್ನ ಹೆಂಡತಿ ನೀಲವ್ವನಿಗೆ ನಾನು ಬೇರೆಯೇ ಹೇಳಿದ್ದೆ. ಸಾವಕಾರರು ನನಗೆ ಖುರ್ಚಿ ಹಾಕಿಸಿದ್ದಾರೆ, ಕೆಳಗೆ ಜಮಖಾನ ಇದೆ, ಆಟ ಮುಗಿದ ಮೇಲೆ ಜನ ಎದ್ದು ನಿಂತು ನನ್ನ ಕಡೆ ಕೈ ಮುಗಿಯುತ್ತಾರೆ ಎಂದು. ಮೊದಲನೆಯ ದಿನ ಖುರ್ಚಿ ಅಷ್ಟೇ ಹೇಳಿದ್ದೆ. ಸುಳ್ಳಿನ ಸ್ವಭಾವ ನಿಮಗೆ ಗೊತ್ತಲ್ಲ. ಖುರ್ಚಿ ಬಂದ ಮೇಲೆ ಜಮಖಾನ ತಾನೇ ಬಂತು.

ಇಷ್ಟು ವೈಭವ ಕೇಳಿದ ಮೇಲೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? "ನನ್ನೂ ಒಮ್ಮಿ ಕರಕೊಂಡ ಹೋಗ್ರಿ, ನೋಡಿ ಬರೂಣು" ಎಂದಳು. "ನಾಳಿ ಖರೇನ ಕರಕೊಂಡ ಹೋಗ್ತೇನಿ" ಎಂದೆ. ಆ ನಾಳೆ ಎರಡು ವರ್ಷವಾದರೂ ಬರಲಿಲ್ಲ. ನೀಲವ್ವ ಗಬ್ಬೂರಿನ ಒಕ್ಕಲುತನದ ಮನೆಯವಳು. ಬಚ್ಚಲಲ್ಲಿ ಚೇಳು ಬಂದರೆ ನಾನು ಮಂಚದ ಮೇಲೆ, ಅವಳು ಚಪ್ಪಲಿ ಹಿಡಿದು ಬಚ್ಚಲಲ್ಲಿ. ಜಗಳವಾಡುವ ಹೆಂಗಸಲ್ಲ, ನನಗೆ ಒಂದು ದಿನ ಜೋರಾಗಿ ಮಾತಾಡಿದವಳಲ್ಲ. ಬರಬರುತ್ತ ಬಾಯಿಂದ ಕೇಳುವುದನ್ನೂ ಬಿಟ್ಟಳು. ಬೇರೆ ಹೇಗೆ ಕೇಳುತ್ತಿದ್ದಳು ಎಂಬುದನ್ನು ಮುಂದೆ ಹೇಳುತ್ತೇನೆ. ಆಗ ನನಗೇ ಅದು ತಿಳಿದಿರಲಿಲ್ಲ.

ಹೀಗಿರುವಾಗ ಒಂದು ಖೂನಿಯ ಪಿಕ್ಚರು ಬಂತು. ದೊಡ್ಡ ಬಂಗಲೆ, ಅದರಲ್ಲಿ ನಾಯಕಿ ಒಬ್ಬಳೇ. ಕನ್ನಡಿಯ ಮುಂದೆ ನಿಂತು ಓಲೆ ಬಿಚ್ಚುತ್ತಿದ್ದಾಳೆ. ಹಿಂದೆ ಕಿಟಕಿಯ ಪರದೆ ಸ್ವಲ್ಪ ಅಲುಗಾಡುತ್ತದೆ. ಪರದೆಯ ಸಂದಿಯಿಂದ ಒಂದು ಕೈ ಬರುತ್ತದೆ, ಆಮೇಲೆ ಚೂರಿ, ಆಮೇಲೆ ಖೂನಿಗಾರ. ಒಂದೊಂದೇ ಹೆಜ್ಜೆ ಇಡುತ್ತ ಅವಳ ಬೆನ್ನಿಗೆ ಬರುತ್ತಾನೆ. ಮುಂಬಯಿಯಲ್ಲಿ ಈ ದೃಶ್ಯಕ್ಕೆ ಜನ ಚೀರಿದ್ದರಂತೆ. ಸಾವಕಾರರು ಅದನ್ನು ನಂಬಿಯೇ ತರಿಸಿದ್ದರು. ನಮ್ಮ ಹುಬ್ಬಳ್ಳಿಯಲ್ಲಿ ಮೊದಲನೆಯ ದಿನವೇ ಆ ದೃಶ್ಯಕ್ಕೆ ಜನ ನಕ್ಕರು.

ತಪ್ಪು ನನ್ನದು ಎಂದು ಈಗ ಒಪ್ಪಿಕೊಳ್ಳುತ್ತೇನೆ, ಆಗ ಒಪ್ಪಿರಲಿಲ್ಲ. ನನಗೆ ಪೇಟಿ ಕಲಿಸಿದ ಧಾರವಾಡದ ಬುವಾ ಒಂದು ಆಣೆ ಹಾಕಿಸಿಕೊಂಡಿದ್ದರು: ಯಾವ ರಾಗವನ್ನೂ ಅದರ ವೇಳೆ ಬಿಟ್ಟು ಬಾರಿಸಬಾರದು, ಮುಂಜಾನೆಯದು ಮುಂಜಾನೆ, ಸಂಜೆಯದು ಸಂಜೆ. ಧಾರವಾಡದ ನೀರು ಕುಡಿದವರಿಗೆ ಇದು ನಿತ್ಯದ ಸಂಧ್ಯಾವಂದನೆ ಇದ್ದಂತೆ. ಈಗ ನೋಡಿ ನನ್ನ ಪೇಚು. ಪರದೆಯ ಮೇಲೆ ನಡುರಾತ್ರಿ. ಪರದೆಯ ಕೆಳಗೆ ಸಂಜೆ ಆರೂವರೆ. ನಾನು ಯಾವ ಗಡಿಯಾರಕ್ಕೆ ನಡೆಯಬೇಕು? ಪಿಕ್ಚರು ಸುರುವಾಗುವ ಮೊದಲು ಅಂಗಡಿಯಲ್ಲಿ ಪತ್ರ ಬರೆಯುವುದನ್ನು ಬಿಟ್ಟು ಎರಡು ದಿನ ಇದನ್ನೇ ಯೋಚಿಸಿದೆ. ಹುಸೇನಸಾಬನನ್ನು ಕೇಳಿದರೆ, "ಮಾಸ್ತರ, ಆ ಹೆಣ್ಣಮಗಳ ಕೊರಳಿಗೆ ಚೂರಿ ಬಂದೈತಿ. ಆಕಿ ಟೈಮ್ ಕೇಳಂಗಿಲ್ರಿ" ಎಂದ. ಕಲಾಯಿಯವನಿಗೆ ಶಾಸ್ತ್ರ ಏನು ಗೊತ್ತು ಎಂದುಕೊಂಡು, ಪಿಕ್ಚರಿನ ಗಡಿಯಾರವೇ ಪ್ರಮಾಣ ಎಂದು ತೀರ್ಮಾನಿಸಿ, ನಡುರಾತ್ರಿಯ ದರಬಾರಿ ಬಾರಿಸಿದೆ. ಬಹಳ ಗಂಭೀರವಾದ ರಾಗ. ಖೂನಿಗಾರನ ಕೈ ಪರದೆಯಿಂದ ಬಂತು, ನಾನು ಮಂದ್ರಕ್ಕೆ ಇಳಿದೆ, ಅವನು ಹೆಜ್ಜೆ ಇಟ್ಟ. ನೋಡಿದವರಿಗೆ ಯಾರೋ ಮಹಾರಾಜರು ಸಿಂಹಾಸನ ಏರುವುದಕ್ಕೆ ಬರುತ್ತಿದ್ದಾರೆ ಎನಿಸಿತು. ಹಿಂದಿನ ಬಾಕಿನಿಂದ ಒಬ್ಬ, "ಬರ್ರಿ ಸರಕಾರ, ಕುಂದರ್ರಿ" ಎಂದ. ಮುಗಿಯಿತು, ಥೇಟರೆಲ್ಲ ನಗೆ.

ಮರುದಿನ ಆಣೆ ಸಡಿಲಿಸಿ ಜಲದ, ಎಂದರೆ ಭರಭರನೆ, ಬಾರಿಸಿದೆ. ಖೂನಿಗಾರ ರೈಲು ತಪ್ಪುತ್ತದೆಂದು ಅವಸರ ಮಾಡುವ ಪ್ರವಾಸಿಯಾದ. ಮೂರನೆಯ ದಿನ ನಾಟಕ ಕಂಪನಿಗಳಲ್ಲಿ ಯುದ್ಧಕ್ಕೆ ಬಾರಿಸುವ ಧಾಟಿ ಹಿಡಿದೆ. ಜನ ಸೀಟಿ ಹೊಡೆದು ಖೂನಿಗಾರನನ್ನೇ ಹುರಿದುಂಬಿಸಿದರು. ನಾನು ಏನು ಬಾರಿಸಿದರೂ ಅದು ಕೇಳಲು ಚಂದವಾಗಿಯೇ ಇರುತ್ತಿತ್ತು, ಅದೇ ದೋಷ. ಕುಶಾಲಾಗಿ ತಲೆ ಆಡಿಸುತ್ತ ಯಾರಾದರೂ ಹೆದರುತ್ತಾರೆಯೆ?

ನಾಲ್ಕನೆಯ ದಿನ ಸಾವಕಾರರು ಅಂಗಡಿಯ ಗಾದಿಯ ಮೇಲಿಂದಲೇ ಕರೆದರು. ಹುಸೇನಸಾಬನಿಗೂ ಹೇಳಿಕಳಿಸಿದ್ದರು, ಅವನು ಕೈಯ ಮಸಿ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. "ಮಾಸ್ತರ, ಮಂದಿ ಖೂನಿ ನೋಡಿ ನಗಾಕತ್ತಾರ. ನಗೂ ಪಿಕ್ಚರ ಬೇಕಾಗಿದ್ರ ನಾ ಬ್ಯಾರೇ ತರಸ್ತಿದ್ನಿ" ಎಂದರು. "ಶನಿವಾರ ಮಧ್ಯಾಹ್ನ ಹೆಣ್ಣಮಕ್ಕಳ ಆಟ ಐತಿ. ಹೆಣ್ಣಮಕ್ಕಳು ಚೀರಿದ್ರ ಮರುದಿನ ಗಂಡಸರು ಯಾಕ ಚೀರಿದ್ರು ಅಂತ ನೋಡಾಕ ಬರ್ತಾರ. ಚೀರಲಿಲ್ಲ ಅಂದ್ರ ನಾ ಮುಂಬಯಿಯಿಂದ ಗ್ರಾಮೋಫೋನ್ ತರಸ್ತೇನಿ. ಅದಕ ರಾಗ ಇಲ್ಲ, ವ್ಯಾಳ್ಯಾ ಇಲ್ಲ. ಕಿವಿ ತಿರವಿದ್ರ ಹಾಡತೈತಿ." ಗುಮಾಸ್ತಿಕೆ ಇತ್ತು, ನನ್ನ ಒಲೆ ಆರುತ್ತಿರಲಿಲ್ಲ. ಆರುವುದು ನನ್ನ ಖುರ್ಚಿ, ಜಮಖಾನ. ಹುಸೇನಸಾಬನದು ಹಾಗಲ್ಲ. ದಾರಿಯಲ್ಲಿ ಅವನು ಅಂದ: "ಜರ್ಮನ್ ಸಿಲ್ವರ್ ಪಾತ್ರೆ ಬಂದಾವ್ರಿ. ಕಲಾಯಿ ಯಾರಿಗೂ ಬ್ಯಾಡಾಗೇತಿ. ತಬಲಾನೂ ಹೋತು ಅಂದ್ರ ಈ ಕೈ ತಗೊಂಡ ಏನ ಮಾಡೂದ್ರಿ?" ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನ ರಾಗದ ಜಂಬದಲ್ಲಿ ಅವನ ರೊಟ್ಟಿ ಇತ್ತೆಂಬುದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಮುಂಜಾನೆ ಪಡಸಾಲೆಯಲ್ಲಿ ಪೇಟಿ ಮುಂದಿಟ್ಟುಕೊಂಡು ಕುಳಿತೆ. ಒಳಗೆ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಜೋಳದ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಕಡೆಯವರಿಗೆ ಕೇಳಿಸುವುದೇ ಇಲ್ಲ, ಅದು ಮನೆಯ ಉಸಿರಾಟ ಇದ್ದ ಹಾಗೆ. ತಪ್ ತಪ್ ತಪ್ ತಪ್. ನಾನು ಒಂದು ಸ್ವರ ಹಿಡಿದು ಯೋಚಿಸುತ್ತಿದ್ದೆ. ಆಗ ಆ ಸಪ್ಪಳ ನಿಂತಿತು. ರೊಟ್ಟಿ ಮುಗಿದು ನಿಂತದ್ದಲ್ಲ, ನಡುವೆಯೇ ನಿಂತದ್ದು. ನನ್ನ ಬೆನ್ನು ನೆಟ್ಟಗಾಯಿತು, ಬಾಯಿ ಒಣಗಿತು, ಕೈ ಪೇಟಿಯ ಮೇಲಿಂದ ಎದ್ದಿತು, ನಾಲಿಗೆ ತಾನಾಗಿಯೇ, "ನಾಳಿ ಖರೇನ ಕರಕೊಂಡ ಹೋಗ್ತೇನಿ" ಎಂದಿತು. ಒಳಗೆ ಮತ್ತೆ ತಪ್ ತಪ್ ಸುರುವಾಯಿತು.

ಆಗ ನನಗೆ ತಿಳಿಯಿತು. ಹೆಂಡತಿ ಕೇಳುವುದನ್ನು ಬಿಟ್ಟಿರಲಿಲ್ಲ; ಹೀಗೆ ಕೇಳುತ್ತಿದ್ದಳು. ದಿನಾ ಮುಂಜಾನೆ ಸಪ್ಪಳ ನಿಲ್ಲಿಸುತ್ತಿದ್ದಳು, ದಿನಾ ನಾನು ಹೆದರಿ ಅದೇ ಉತ್ತರ ಕೊಡುತ್ತಿದ್ದೆ, ಎರಡು ವರ್ಷದಿಂದ. ಅವಳು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅತ್ತಿದ್ದರೆ ಸಮಾಧಾನ ಮಾಡಿ ಮಲಗುತ್ತಿದ್ದೆ. ನಿಲ್ಲಿಸಿದ್ದಕ್ಕೆ ಮಾತ್ರ ನನ್ನಲ್ಲಿ ಮದ್ದಿರಲಿಲ್ಲ. ಗಂಡನಾದವನು ಇಂಥ ಹೊತ್ತಿನಲ್ಲಿ ಮನಸ್ಸಿನಲ್ಲಿ ಮರುಗಿ, ಎದ್ದು ಒಳಗೆ ಹೋಗಿ, ನಿಜ ಹೇಳಬೇಕು. ನಾನು ಪೇಟಿ ಮುಚ್ಚಿ, ಅಂಗಿ ಹಾಕಿಕೊಂಡು, ಪೇಟಿ ಹೊತ್ತು ಹುಸೇನಸಾಬನ ಕಲಾಯಿ ಅಂಗಡಿಗೆ ಓಡಿದೆ.

"ಸಾಬ, ರೊಟ್ಟಿ ಬಡಿಯೂದು ಬರತೈತೇನ?" ಎಂದೆ. ಅವನು ಚಕಿತನಾಗಲಿಲ್ಲ. ಅಂಗಡಿಯ ಮೂಲೆಯಲ್ಲಿದ್ದ ತಬಲಾದ ಎಡಗೈ ಡಗ್ಗಾದ ಮೇಲೆ ಅಂಗೈ ಇಟ್ಟು ತಪ್ ತಪ್ ಬಾರಿಸಿ ತೋರಿಸಿದ. "ಖೂನಿಗಾರ ಕಿಟಕಿ ಪರದೆ ಹಿಂದ ಇರೂತನಕಾ ಇದ ನಡೀಲಿ. ಕೈ ಹೊರಗ ಬಂದ ಕೂಡಲೇ ನಿಲ್ಲಸು. ನಾಕ ಎಣಿಸು. ಆಮ್ಯಾಲೆ ಮತ್ತ ಸುರು ಮಾಡು" ಎಂದೆ ನಾನು. ನನ್ನ ಪಾಲಿನದು ಇನ್ನೊಂದು. ಅದಕ್ಕೆ ನಾನು ಬುವಾ ಅವರ ಆಣೆಯನ್ನಷ್ಟೇ ಅಲ್ಲ, ರಾಗವನ್ನೇ ಬಿಡಬೇಕಾಯಿತು. ರಾಗ ಯಾವುದೇ ಇರಲಿ, ಹಾಡುವವನು ಸುತ್ತಾಡಿ ಬಂದು ತನ್ನ ಮನೆಯಾದ ಷಡ್ಜದಲ್ಲಿ ಕೂಡ್ರುತ್ತಾನೆ. ಕೇಳುವವನ ಜೀವವೂ ಅವನೊಡನೆ ಕೂಡ್ರುತ್ತದೆ. ನಾನು ಆ ಷಡ್ಜವನ್ನೇ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದೆ. ಮೇಲಿನ ಕೋಮಲ ರಿಷಭ, ಕೆಳಗಿನ ನಿಷಾದ, ಇವೆರಡರ ನಡುವೆಯೇ ತಿರುಗುವುದು. ಮನೆಗೆ ಬಂದ ಬೀಗರು ಒಂದು ಚಪ್ಪಲಿ ಬಿಚ್ಚಿ ಒಂದು ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿಯೇ ನಿಂತರೆ ಮನೆಯವರಿಗೆ ಹೇಗಾಗುತ್ತದೆ, ಹಾಗೆ. ಕಲಾಯಿ ಅಂಗಡಿಯಲ್ಲಿ ಒಂದು ಸಲ ಬಾರಿಸಿ ನೋಡಿದೆವು. ಪಾತ್ರೆ ತಂದಿದ್ದ ಮುದುಕಿಯೊಬ್ಬಳು ಎರಡು ಸಲ ಹಿಂದೆ ತಿರುಗಿ ನೋಡಿ, ಹಂಡೆ ಅಲ್ಲಿಯೇ ಬಿಟ್ಟು, ನಾಳೆ ಬರುತ್ತೇನೆಂದು ಹೋದಳು. ಹುಸೇನಸಾಬ, "ಆತರಿ" ಎಂದ.

ಶನಿವಾರದ ಆಟಕ್ಕೆ ಥೇಟರು ತುಂಬಿತ್ತು. ಸಾವಕಾರರ ಮನೆಯವರು ಓಣಿ ಓಣಿಗೆ ಹೋಗಿ ಅರಿಷಿಣ ಕುಂಕುಮ ಕೊಟ್ಟು ಕರೆದಿದ್ದರಂತೆ. ನನಗೆ ಅದು ತಿಳಿದದ್ದು ಆಮೇಲೆ. ಹೆಣ್ಣುಮಕ್ಕಳ ಆಟವೆಂದು ನಮ್ಮಿಬ್ಬರನ್ನು ಮೊದಲೇ ತಗ್ಗಿಗೆ ಇಳಿಸಿ, ಹಿಂದೆ ತಿರುಗಿ ನೋಡಬಾರದೆಂದು ತಾಕೀತು ಮಾಡಿದ್ದರು. ಹಿಂದೆ ಬಳೆಗಳ ಸಪ್ಪಳ, ಕೂಸುಗಳ ಅಳು, ಕಡಲೆ ಒಡೆಯುವ ಸಪ್ಪಳ. ಪರದೆಯ ಮೇಲೆ ಮಾತಿನ ಅಕ್ಷರ ಬಂದಾಗ ಓದು ಬಲ್ಲವಳೊಬ್ಬಳು ಗಟ್ಟಿಯಾಗಿ ಓದಿ ಉಳಿದವರಿಗೆ ಅರ್ಥ ಹೇಳುತ್ತಿದ್ದಳು. ಕೊನೆಗೆ ಬಂಗಲೆ ಬಂತು, ಕನ್ನಡಿ ಬಂತು. ನಾನು ನಿಷಾದ ಹಿಡಿದೆ. ಹುಸೇನಸಾಬ ತಪ್ ತಪ್ ಸುರು ಮಾಡಿದ.

ಮೊದಲು ಕಡಲೆಯ ಸಪ್ಪಳ ನಿಂತಿತು. ಆಮೇಲೆ ಬಳೆಗಳದು. ಓದುತ್ತಿದ್ದವಳೂ ಸುಮ್ಮನಾದಳು. ಕಿಟಕಿಯ ಪರದೆ ಅಲುಗಾಡಿದಾಗ ಹಿಂದೆ ನೂರಾರು ಜನ ಒಮ್ಮೆಲೆ ಉಸಿರು ಒಳಗೆ ಎಳೆದುಕೊಂಡದ್ದು ನನ್ನ ಕುತ್ತಿಗೆಗೆ ತಾಗಿತು. ನಾನು ರಿಷಭಕ್ಕೆ ಏರಿದೆ, ನಿಷಾದಕ್ಕೆ ಇಳಿದೆ, ನಡುವಿನ ಷಡ್ಜವನ್ನು ದಾಟಿ ದಾಟಿ ಹೋದೆ. ಇಡೀ ಥೇಟರು ನನ್ನ ಐದು ಬೆರಳಿನಲ್ಲಿ ಇದೆ ಎನಿಸಿ, ನಿಜ ಹೇಳುತ್ತೇನೆ, ಎದೆ ಉಬ್ಬಿತು. ಕೈ ಹೊರಗೆ ಬಂತು. ಹುಸೇನಸಾಬ ನಿಲ್ಲಿಸಿದ. ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು, ನಾಲ್ಕು. ಅವನು ಸುರು ಮಾಡಲಿಲ್ಲ. ಐದು, ಆರು. ಕತ್ತಲೆ, ನಿಶ್ಶಬ್ದ, ನನ್ನ ಬೆನ್ನ ಹಿಂದೆ ಹೆಂಗಸರು, ಮತ್ತು ನಿಂತುಹೋದ ರೊಟ್ಟಿಯ ಸಪ್ಪಳ. ನನ್ನ ಬೆನ್ನು ನೆಟ್ಟಗಾಯಿತು. ಬಾಯಿ ಒಣಗಿತು. ಕೈ ಪೇಟಿಯ ಮೇಲಿಂದ ಎದ್ದಿತು.

"ನಾಳಿ ಖರೇನ ಕರಕೊಂಡ ಹೋಗ್ತೇನಿ."

ನನ್ನ ಬಾಯಿಂದ ಬಂದ ಮಾತು ತಗಡಿನ ಮಾಡಿಗೆ ಬಡಿದು, ದೊಡ್ಡದಾಗಿ, ಪರದೆಯೊಳಗಿಂದಲೇ ಬಂದಂತೆ ಕೇಳಿಸಿತು. ಅದೇ ಕ್ಷಣಕ್ಕೆ ಮೇಲೆ ಖೂನಿಗಾರ ಬಾಯಿ ತೆರೆದ. ಎರಡು ವರ್ಷ ಮೂಕವಾಗಿದ್ದ ಪಿಕ್ಚರು ಅವತ್ತು ಹುಬ್ಬಳ್ಳಿಯಲ್ಲಿ ಮಾತಾಡಿತು, ಅದೂ ಒಂಟಿ ಹೆಂಗಸಿನ ಬೆನ್ನ ಹಿಂದೆ ನಿಂತು, ಅಚ್ಚ ಹುಬ್ಬಳ್ಳಿಯ ಮಾತಿನಲ್ಲಿ. ಆಮೇಲೆ ಎದ್ದ ಚೀರಾಟವನ್ನು ನಾನು ವರ್ಣಿಸಲಾರೆ. ಬಾಕು ಉರುಳಿದವು. ಹೊರಗೆ ಟಾಂಗಾದ ಕುದುರೆ ಬೆದರಿತಂತೆ. ಮುಂದಿನ ಅಕ್ಷರದಲ್ಲಿ ಖೂನಿಗಾರ ನಿಜವಾಗಿ ಕೇಳಿದ್ದು "ಒಡವೆ ಎಲ್ಲಿ?" ಎಂದು, ಅದನ್ನು ಓದಲು ಯಾರೂ ಕಣ್ಣು ತೆರೆದಿರಲಿಲ್ಲ. ನಾನು ಹುಸೇನಸಾಬನ ಕಡೆ ತಿರುಗಿ, "ನಾಕ ಎಣಿಸಂದ್ರ ಯಾಕ ನಿಂತಿ?" ಎಂದು ಕೇಳಿದೆ. "ನಾನೂ ಅಂಜಿದ್ನಿರಿ" ಎಂದ.

ಸಾವಕಾರರು ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು. ಗ್ರಾಮೋಫೋನಿನ ಮಾತು ಅಲ್ಲಿಗೇ ಮುಗಿಯಿತು. "ಪೇಟಿ ಹೆಂಗರ ಬಾರಸ್ರಿ ಮಾಸ್ತರ, ಬಿಟ್ಟರೂ ನಡೀತೈತಿ. ಆ ಮಾತ ಮಾತ್ರ ಬಿಡಬ್ಯಾಡ್ರಿ. ದಿನಾ ಅದ ಜಾಗಾದಾಗ ಅದ ಅನ್ನಬೇಕು" ಎಂದರು. ಹದಿನೆಂಟು ವರ್ಷ ಪೇಟಿ ಕಲಿತವನಿಗೆ ಸಿಕ್ಕ ಮೊದಲನೆಯ ಮೆಚ್ಚುಗೆ ಅದು. ಹುಸೇನಸಾಬ ತಬಲಾಕ್ಕೆ ಗೌಸು ಹಾಕುತ್ತ ನಗುತ್ತಿದ್ದ. ಅವನು ನಕ್ಕದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಸಂಜೆಯ ಆಟಕ್ಕೆ ಹೊತ್ತಿತ್ತು. ಚಹಾ ಕುಡಿದು ಬರೋಣವೆಂದು ಮನೆಗೆ ಹೋದೆ. ನೀಲವ್ವ ಚಹಾ ತಂದಿಟ್ಟಳು. ಉಟ್ಟದ್ದು ಇಳಕಲ್ಲಿನ ಸೀರೆ, ಪೆಟ್ಟಿಗೆಯಲ್ಲಿ ಇಡುವಂಥದು. ನಾನು ನೋಡಿದೆ, ಕೇಳಲಿಲ್ಲ. ಅವಳೇ, "ಇನ್ನ ನಾಳಿ ಅನ್ನೂದು ಬ್ಯಾಡ್ರಿ. ಸಾವಕಾರ್ತಿಯವರು ಕರದಿದ್ರು, ಹೋಗಿ ಬಂದ್ನಿ" ಎಂದಳು. ಖುರ್ಚಿ, ಜಮಖಾನ, ಕೈ ಮುಗಿಯುವ ಜನ, ಎಲ್ಲ ಕಣ್ಣ ಮುಂದೆ ಬಂದು ನಿಂತವು. ಈಗ ಬೈಯುತ್ತಾಳೆ, ಇಲ್ಲ ನಗುತ್ತಾಳೆ ಎಂದು ಕಾದೆ. ಅವಳು ಎರಡನ್ನೂ ಮಾಡಲಿಲ್ಲ. ಒಳಗೆ ಹೋಗಿ, ತಾನೇ ಹೊಲಿದ ದಪ್ಪನೆಯ ಕೌದಿಯನ್ನು ಮಡಚಿ ತಂದು ನನ್ನ ಪಕ್ಕದಲ್ಲಿಟ್ಟಳು.

"ಆ ತಟ್ಟು ಭಾಳ ಹರದೈತ್ರಿ. ತಗ್ಗಿನ್ಯಾಗ ಥಂಡಿ ಇರತೈತಿ. ಇದನ್ನ ಹಾಸಿಕೊಳ್ರಿ. ಸಾಬಗೂ ಅರ್ಧಾ ಬಿಡ್ರಿ."

ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಚಹಾದ ಹಬೆಯ ಮೇಲೆ ಹಾಕಿದೆ. ಸುಮ್ಮನೆ ಇರಲಾರದೆ, ಕಲಾವಂತನ ಚಟ ನೋಡಿ, "ಎಲ್ಲಾರೂ ಚೀರಿದ್ರಲ್ಲ, ನಿನಗ ಅಂಜಿಕಿ ಆಗಲಿಲ್ಲೇನ?" ಎಂದು ಕೇಳಿಯೇಬಿಟ್ಟೆ. ಅವಳು ಚಹಾದ ಬಸಿ ಎತ್ತಿಕೊಳ್ಳುತ್ತ, "ಇಲ್ರಿ" ಎಂದಳು.

ಆ ಪಿಕ್ಚರು ಆಮೇಲೆ ಮೂರು ವಾರ ನಡೆಯಿತು. ದಿನಾ ಕೌದಿಯ ಮೇಲೆ ಕುಳಿತು, ಹುಸೇನಸಾಬ ನಿಲ್ಲಿಸಿದ ಜಾಗದಲ್ಲಿ, ನಾಳೆ ಖರೇನೆ ಕರೆದುಕೊಂಡು ಹೋಗುತ್ತೇನೆಂದು ಊರಿಗೆಲ್ಲ ಮಾತು ಕೊಟ್ಟೆ. ಗಂಡಸರು ಹೆದರಿದರು, ಹೆಂಗಸರು ಹೆದರಿದರು, ನವಲಗುಂದದಿಂದ ಗಾಡಿ ಕಟ್ಟಿಕೊಂಡು ಬಂದವರೂ ಹೆದರಿದರು. ನನ್ನ ಮಾತಿಗೆ ಹೆದರದವಳು ಇಡೀ ಹುಬ್ಬಳ್ಳಿಯಲ್ಲಿ ಒಬ್ಬಳೇ. ಅವಳು ಅದನ್ನು ಎರಡು ವರ್ಷ ದಿನಾ ಮುಂಜಾನೆ ಕೇಳಿದ್ದಳು.